ಕಪ್ಪು ಕಾಗದದ ಹಂಚಿ

ಮಕ್ಕಳಿಗೆ ಸಿಂಡ್ರೆಲಾ ಕತೆಯನ್ನು ಅನಿಮೇಷನ್ ಮಾಡಿಕೊಡಿ ಎಂದು ಕೇಳಿಕೊಂಡು ಬಂದವರಿಗೆ ನಾನು ಹಂಚಿಯ ಕತೆ ಹೇಳಿದೆ. ಅದೂ ಅದೇ ವಂಶದ್ದು. ಎ.ಕೆ. ರಾಮಾನುಜನ್ ಇದನ್ನು ಕನ್ನಡದ ಸಿಂಡ್ರೆಲಾ ಎಂದೇ ಹೊರಗಿನವರಿಗೆ ಪರಿಚಯಿಸಿದರು. ಚಿನ್ನದ ಕೂದಲಿನ ಹುಡುಗಿ ಮಣ್ಣಿನ ಮುಖವಾಡ ತೊಟ್ಟು ಮನೆ ಬಿಡುತ್ತಾಳೆ, ಸಾಹುಕಾರರ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ, ಆ ಮನೆಯ ಕಿರಿಯ ಮಗನ ಕೈ ಹಿಡಿಯುತ್ತಾಳೆ, ಆಮೇಲೆ ಅವನಿಂದ ದೂರವಾಗುತ್ತಾಳೆ. ಗಾಜಿನ ಚಪ್ಪಲಿ, ಕುಂಬಳಕಾಯಿ ರಥ ಯಾವುದೂ ಇಲ್ಲ. ಕೊನೆಗೆ ಗಂಡನಿಗೆ ಅವಳ ಗುರುತು ಸಿಗುವುದು ಅವಳ ಕೈಯ ಸಿಹಿ ಅನ್ನದ ರುಚಿಯಿಂದ.

ದುಡ್ಡು ಕಡಿಮೆ, ಕೆಲಸಕ್ಕೆ ಇದ್ದವರು ನಾವಿಬ್ಬರೇ. ಹಾಗಾಗಿ ನೆರಳಿನ ಕಟ್‌ಔಟ್ ದಾರಿ ಹಿಡಿದೆವು. ಜರ್ಮನಿಯ ಲೊಟ್ಟೆ ರೈನಿಗರ್ 1922ರಲ್ಲೇ ಕತ್ತರಿ ಮತ್ತು ಕಪ್ಪು ಕಾಗದದಿಂದ ಸಿಂಡ್ರೆಲಾ ಮಾಡಿದ್ದರು. ನಮ್ಮದೂ ಅದೇ ವಿಧಾನ: ಕೆಳಗೆ ದೀಪ, ಮೇಲೆ ಗಾಜು, ಗಾಜಿನ ಮೇಲೆ ಟ್ರೇಸಿಂಗ್ ಪೇಪರ್, ಅದರ ಮೇಲೆ ಗೊಂಬೆ, ನೆತ್ತಿಯ ಮೇಲೆ ಕ್ಯಾಮೆರಾ. ಗೊಂಬೆಯ ಭುಜ, ಮೊಣಕೈ, ಸೊಂಟ ಬೇರೆ ಬೇರೆ ತುಂಡು. ಕೀಲುಗಳಿಗೆ ತೆಳು ತಂತಿ. ಸೆಕೆಂಡಿಗೆ 24 ಫ್ರೇಮು (ಬಿಡಿ ಚಿತ್ರ), ಒಂದೊಂದು ಭಂಗಿಗೆ ಎರಡು ಫ್ರೇಮು, ಅಂದರೆ ಸೆಕೆಂಡಿಗೆ 12 ಸಲ ಗೊಂಬೆಯನ್ನು ಕದಲಿಸಬೇಕು. ಆರು ನಿಮಿಷಕ್ಕೆ 4,320 ಸಲ. ಕ್ಯಾಮೆರಾದ ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ), ಫೋಕಸ್ ಮೂರನ್ನೂ ಕೈಯಿಂದಲೇ ಹೊಂದಿಸಿ ಲಾಕ್ ಮಾಡಿ, ಕಿಟಕಿಗೆ ಕಂಬಳಿ ಹಾಕಿ. ಇಲ್ಲದಿದ್ದರೆ ಒಂದು ಮೋಡ ಹಾದುಹೋದರೂ ಪರದೆ ಮಿಟುಕುತ್ತದೆ.

ನಿಜವಾದ ತೊಡಕು ಬೇರೆಯೇ ಇತ್ತು. ನೆರಳಿಗೆ ಮುಖವೇ ಇಲ್ಲ, ಮುಖವಾಡ ಹಾಕುವುದೆಲ್ಲಿಗೆ? ಮುಖವೂ ಕಪ್ಪು, ಮುಖವಾಡವೂ ಕಪ್ಪು. ಬಿಳಿ ಗೆರೆ ಕೊರೆದು ನೋಡಿದರೆ ಮದುವೆ ಕಾರ್ಡಿನ ಚಿತ್ರದಂತೆ ಕಂಡಿತು. ಉತ್ತರ ಸಿಕ್ಕಿದ್ದು ತೊಗಲು ಗೊಂಬೆಯಲ್ಲಿ. ನಮ್ಮ ತೊಗಲು ಗೊಂಬೆ ಅಪ್ಪಟ ಕಪ್ಪು ನೆರಳಲ್ಲ. ಹದ ಮಾಡಿದ ಚರ್ಮದಲ್ಲಿ ಬೆಳಕು ಹಾಯ್ದು ಬಣ್ಣ ಪರದೆಯ ಮೇಲೆ ಬೀಳುತ್ತದೆ. ಹಾಗಾಗಿ ಊರವರೆಲ್ಲ ದಪ್ಪ ಕಪ್ಪು ಕಾರ್ಡ್‌ಶೀಟು, ಹಂಚಿಯ ಮುಖ ಮತ್ತು ಕೂದಲು ಮಾತ್ರ ಬಣ್ಣ ಹಚ್ಚಿದ ಓಎಚ್‌ಪಿ ಶೀಟು, ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಕಪ್ಪು ಮುಖವಾಡ ಇಟ್ಟರೆ ಅವಳೂ ಎಲ್ಲರಂತೆ ನೆರಳು, ತೆಗೆದರೆ ಬೆಳಕು. ಮನೆಯವರೆಲ್ಲ ಊಟಕ್ಕೆ ಹೋದಾಗ ಅವಳು ತಲೆಗೆ ನೀರು ಹಾಕಿಕೊಳ್ಳುವುದನ್ನು ಸಾಹುಕಾರರ ಕಿರಿಯ ಮಗ ನೋಡುತ್ತಾನಲ್ಲ, ಅಲ್ಲಿಯವರೆಗೆ ಚಿತ್ರದಲ್ಲಿ ಹಳದಿ ಬಣ್ಣವನ್ನೇ ಬಳಸಲಿಲ್ಲ. ಒಲೆಯ ಬೆಂಕಿಯನ್ನೂ ಬಿಳಿಯಾಗೇ ಬಿಟ್ಟೆವು.

ಕತೆಯ ಆರಂಭ ಮಕ್ಕಳಿಗೆ ಸುಲಭದ್ದಲ್ಲ. ಒಡಹುಟ್ಟಿದ ಅಣ್ಣನೇ ಹುಡುಗಿಯನ್ನು ಬಯಸುತ್ತಾನೆ. ಅದಕ್ಕೇ ತಾಯಿ ಮುಖವಾಡ ಮಾಡಿಸಿ ಅವಳನ್ನು ಕಳಿಸುವುದು. ಇಂಥದ್ದು ನಮ್ಮಲ್ಲಿ ಮಾತ್ರ ಇದೆ ಎಂದೇನಲ್ಲ, ಗ್ರಿಮ್ ಸಹೋದರರ ಸಂಗ್ರಹದಲ್ಲಿ ಮಗಳನ್ನೇ ಮದುವೆಯಾಗಲು ಹೊರಟ ರಾಜನಿದ್ದಾನೆ. ಅವರ ಸಿಂಡ್ರೆಲಾದ ಅಕ್ಕಂದಿರು ಚಪ್ಪಲಿಗಾಗಿ ಕಾಲನ್ನೇ ಕೊಯ್ದುಕೊಳ್ಳುತ್ತಾರೆ. 1950ರ ಡಿಸ್ನಿ ಚಿತ್ರ ಗ್ರಿಮ್ ಬಿಟ್ಟು ಫ್ರಾನ್ಸಿನ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಸೌಮ್ಯ ಪಾಠವನ್ನು ಆರಿಸಿಕೊಂಡಿತು, ನಮ್ಮ ಮಕ್ಕಳಿಗೆ ಗೊತ್ತಿರುವುದು ಅದೇ. ನಮಗೆ ಆ ಅನುಕೂಲ ಇರಲಿಲ್ಲ. ಅಣ್ಣನನ್ನು ಪೂರ್ತಿ ಕಿತ್ತುಹಾಕಿದರೆ ಮುಖವಾಡಕ್ಕೆ ಕಾರಣವೇ ಉಳಿಯುವುದಿಲ್ಲ. ಮಲತಾಯಿಯನ್ನು ತಂದಿಡಿ ಎಂದರು ಒಬ್ಬರು. ನನಗೆ ಒಪ್ಪಿಗೆಯಾಗಲಿಲ್ಲ: ಈ ಕತೆಯ ಜೀವವೇ ಮಗಳನ್ನು ಕಾಪಾಡುವ ತಾಯಿ. ಕೊನೆಗೆ ಅಣ್ಣನನ್ನು ಗೊಂಬೆಯಾಗಿ ತೋರಿಸದೆ, ಗೋಡೆಯ ಮೇಲೆ ಬೆಳೆಯುತ್ತ ಹೋಗುವ ಒಂದು ನೆರಳಾಗಿ ಮಾತ್ರ ಇಟ್ಟೆವು. 'ಈ ಮನ್ಯಾಗ ನಿನಗ ಇನ್ನ ಛಲೋ ಇಲ್ಲವ್ವ' ಎನ್ನುತ್ತಾಳೆ ತಾಯಿ, ಅಷ್ಟೇ. ದನಿ ಕೊಟ್ಟವರು ಧಾರವಾಡದ ಕಡೆಯ ಒಬ್ಬ ಅಜ್ಜಿ. ನಾನು ಬರೆದ ಪುಸ್ತಕದ ಕನ್ನಡವನ್ನು ಪಕ್ಕಕ್ಕಿಟ್ಟು ತಮ್ಮದೇ ಮಾತಿನಲ್ಲಿ ಹೇಳಿದರು, ಪುಣ್ಯ. ಯಾವ ಮಗುವೂ 'ಯಾಕೆ' ಎಂದು ಕೇಳಲಿಲ್ಲ. ಅಪಾಯ ಇದೆ ಎಂಬುದಷ್ಟೇ ಅವರಿಗೆ ಸಾಕಿತ್ತು.

ಸಿಹಿ ಅನ್ನದ ರುಚಿ ತೋರಿಸುವುದು ಇನ್ನೊಂದು ಪೇಚಾಟ. ಗಂಡನ ಗೊಂಬೆಗೆ ಕಣ್ಣಿಲ್ಲ, ಹುಬ್ಬಿಲ್ಲ. ತುತ್ತು ಬಾಯಿಗೆ ಹೋಗಿ, ಎರಡನೇ ತುತ್ತು ಅರ್ಧ ದಾರಿಯಲ್ಲಿ ನಿಲ್ಲುತ್ತದೆ, ಅಷ್ಟೇ. ಆದರೆ ಹೀಗೆ ಗೊಂಬೆ ಕದಲಿಸಿ ಒಂದೊಂದೇ ಫ್ರೇಮು ತೆಗೆಯುವ ಸ್ಟಾಪ್ ಮೋಷನ್‌ನಲ್ಲಿ ಪೂರ್ತಿ ನಿಂತ ಚಿತ್ರ ವಿಡಿಯೋ ಕೆಟ್ಟು ನಿಂತಂತೆ ಕಾಣುತ್ತದೆ. ಕೈ ನಿಂತಿರುವಷ್ಟು ಹೊತ್ತೂ ಅನ್ನದ ಹಬೆಯನ್ನು ಕದಲಿಸಿದೆವು. ಹಬೆ ಎಂದರೆ ಪಿಂಜಿದ ಹತ್ತಿ.

ಹೆಚ್ಚು ಜಗಳ ನಡೆದದ್ದು ನಾಯಿಗಳ ಬಗ್ಗೆ. ಹಂಚಿಯ ಮೇಲೆ ಕಣ್ಣು ಹಾಕಿದ ಗುರು ಸುಳ್ಳು ಹೇಳಿ ಅವಳನ್ನು ಪೆಟ್ಟಿಗೆಗೆ ಹಾಕಿಸುತ್ತಾನೆ. ಅವಳು ಒಬ್ಬ ಮುದುಕಿಯ ಸಹಾಯದಿಂದ ಹೊರಬಂದು ಒಳಗೆ ಹುಚ್ಚು ನಾಯಿಗಳನ್ನು ಬಿಡಿಸುತ್ತಾಳೆ. ಅವನು ಆಸೆಯಿಂದ ಮುಚ್ಚಳ ತೆಗೆಯುತ್ತಾನೆ. ಅದನ್ನು ಕತ್ತರಿಸಿ ಎಂದರು ಕೆಲವು ಪಾಲಕರು. ನಾನು ಮುಚ್ಚಳ ತೆರೆಯುವವರೆಗೆ ತೋರಿಸಿ, ಮುಂದಿನದನ್ನು ಶಬ್ದಕ್ಕೆ ಬಿಟ್ಟೆ: ಬೊಗಳು, ಮರದಿಂದ ಎದ್ದ ಕಾಗೆಗಳು, ಖಾಲಿ ಪಾದುಕೆ. ಬೊಗಳಿದ್ದು ನಮ್ಮ ಬೀದಿಯ ನಾಯಿಗಳೇ. ರಾತ್ರಿ ಒಂದು ಗಂಟೆಗೆ ಮೊಬೈಲ್ ಹಿಡಿದು ಮಹಡಿ ಮೇಲೆ ನಿಂತರೆ ಸಾಕಾಗಿತ್ತು. ಪ್ರದರ್ಶನದಲ್ಲಿ ಮಕ್ಕಳು ಅಲ್ಲಿ ಚಪ್ಪಾಳೆ ತಟ್ಟಿದರು, ಹಿಂದಿನ ಸಾಲಿನ ಒಬ್ಬ ಹುಡುಗ ಮಾತ್ರ ನಾಯಿ ಯಾಕೆ ತೋರಿಸಲಿಲ್ಲ ಎಂದು ಸಿಟ್ಟಾದ.