ಮುಂಡಗೋಡದ ಮಳೆ, ಚಾಂಗ್‌ಥಂಗಿನ ರೇಡಿಯೊ: ಮೂರು ಚಳಿಗಾಲಗಳ ನನ್ನ ಅನುಭವ

ವಾಟ್ಸಾಪ್ ಮನೆಮನೆಗೆ ಬಂದ ಮೇಲೆ ಲಡಾಖಿನ ರೇಡಿಯೊದಲ್ಲಿ ಯಾರದೋ ಮನೆಯ ಕ್ಷೇಮಸಮಾಚಾರವನ್ನು ಯಾರು ಕೇಳುತ್ತಾರೆ ಎಂದು ನನ್ನನ್ನು ಹಂಗಿಸದ ಗೆಳೆಯರಿಲ್ಲ. ಧಾರವಾಡದಲ್ಲಿ ನನಗೆ ಮೈಕಿನ ಮುಂದೆ ಕೂರುವುದನ್ನು ಕಲಿಸಿದ ಹಿರಿಯರಂತೂ, "ತಮ್ಮಾ, ನೀ ಮಾಡಾಕ ಹೊಂಟಿದ್ದು ರೇಡಿಯೊ ಅಲ್ಲ, ಅಂಚಿ ಡಬ್ಬಿ" ಎಂದು ನಕ್ಕುಬಿಟ್ಟಿದ್ದರು. ಮೂರನೆಯ ಚಳಿಗಾಲ ಮುಗಿಯುವ ಹೊತ್ತಿಗೆ ಅದೇ ಹಿರಿಯರು ಫೋನು ಮಾಡಿ, ಒಲೆಯ ಪಕ್ಕದಲ್ಲಿ ಮೈಕನ್ನು ಎಷ್ಟು ದೂರ ಇಡುತ್ತೀ ಎಂದು ವಿಚಾರಿಸಿದರು. ಅವರಿಗೆ ಅರ್ಧ ಉತ್ತರ ಕೊಟ್ಟಿದ್ದೇನೆ. ಇಲ್ಲಿಯೂ ಅಷ್ಟನ್ನೇ ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಮುಂಡಗೋಡದ ಹತ್ತಿರ. ಅಲ್ಲಿನ ಟಿಬೆಟನ್ ವಸತಿಯ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳಲ್ಲಿಯೂ, ಬೈಲಕುಪ್ಪೆಯ ಸೇರಾ ಮಠದಲ್ಲಿಯೂ ಲಡಾಖಿನಿಂದ ಬಂದ ಹುಡುಗರು ವರ್ಷಗಟ್ಟಲೆ ಇದ್ದು ಓದುತ್ತಾರೆಂಬುದು ನಮ್ಮ ಕಡೆಯವರಿಗೆ ಹೊಸದಲ್ಲ. ಅವರ ಧ್ವನಿಯನ್ನು ಮುದ್ರಿಸಿಕೊಂಡು ಹೋಗಿ, ಲಡಾಖಿನ ಸಾರ್ವಜನಿಕ ರೇಡಿಯೊದ ಚಳಿಗಾಲದ ಪ್ರಸಾರದಲ್ಲಿ ಅವರವರ ಊರಿಗೆ ಕೇಳಿಸುವುದು, ಊರವರ ಉತ್ತರವನ್ನು ಅವರ ಅಡುಗೆಮನೆಯಲ್ಲೇ ಮುದ್ರಿಸಿ ಮುಂದಿನ ಕಂತಿಗೆ ಸೇರಿಸುವುದು, ಇಷ್ಟೇ ನನ್ನ ಯೋಜನೆಯಾಗಿತ್ತು. ಇದರಲ್ಲಿ ನಾನೇ ಕಂಡುಹಿಡಿದದ್ದು ಏನೂ ಇಲ್ಲ. ಕೆನಡಾದ ಸಾರ್ವಜನಿಕ ರೇಡಿಯೊ 1933ರಿಂದಲೇ ತನ್ನ ಉತ್ತರದ ಹಿಮಪ್ರದೇಶದಲ್ಲಿದ್ದ ಪೊಲೀಸರಿಗೆ, ತುಪ್ಪಳದ ವ್ಯಾಪಾರಿಗಳಿಗೆ, ಪಾದ್ರಿಗಳಿಗೆ ಚಳಿಗಾಲದುದ್ದಕ್ಕೂ ಮನೆಯವರ ಪತ್ರಗಳನ್ನು ಓದಿ ಹೇಳುತ್ತಿತ್ತು. ಅಲ್ಲಿ ಓದುತ್ತಿದ್ದವರು ಉದ್ಘೋಷಕರು. ನನಗೆ ಬೇಕಾಗಿದ್ದು ಮಗನದೇ ಗಂಟಲು.

ಲಡಾಖಿನ ಪ್ರಸಾರದ ಭೂಗೋಳವನ್ನು ವಿವರಿಸುತ್ತ ಕೂರುವುದಿಲ್ಲ. ಲೇಹ್ ಆಕಾಶವಾಣಿ 1971ರಲ್ಲಿ ಆರಂಭವಾಯಿತು, ಕಾರ್ಗಿಲ್ ಕೇಂದ್ರ ಆಮೇಲೆ ಬಂದಿತು, 13,000 ಅಡಿ ಮೀರಿದ ಹಂಬೋಟಿಂಗ್ ಲಾ ಕಣಿವೆದಾರಿಯಲ್ಲಿ 2021ರಲ್ಲಿ 10 ಕಿಲೋವ್ಯಾಟ್ ಪ್ರಸಾರಯಂತ್ರ ಚಾಲನೆಗೊಂಡಿತು. ಇಷ್ಟಾದರೂ ಎಫ್‌ಎಂ ಅಲೆ ಬೆಟ್ಟದ ಮರೆಯಲ್ಲಿರುವ ಊರಿಗೆ ಬಗ್ಗಿ ಇಳಿಯುವುದಿಲ್ಲ. ಅಂಥ ಊರುಗಳಿಗೆ ಮಧ್ಯಮ ತರಂಗವೇ (ಮೀಡಿಯಂ ವೇವ್) ಗತಿ, ಅದೂ ರಾತ್ರಿಯಾದರೆ ಗಡಿಯಾಚೆಯ ಕೇಂದ್ರಗಳು ಮೇಲೇರಿ ಬಂದು ಕೂರುತ್ತವೆ. 2011ರ ಜನಗಣತಿಯಂತೆ ಲೇಹ್ ಮತ್ತು ಕಾರ್ಗಿಲ್ ಎರಡೂ ಜಿಲ್ಲೆಗಳನ್ನು ಸೇರಿಸಿದರೆ ಜನಸಂಖ್ಯೆ 2.74 ಲಕ್ಷ. ಆ ಜನ ಲಡಾಖಿ, ಪುರ್ಗಿ, ಬಾಲ್ಟಿ, ಶೀನಾ ಮಾತನಾಡುತ್ತಾರೆ, ಲಡಾಖಿಯಲ್ಲಿಯೇ ಕಣಿವೆಗೊಂದು ಬಗೆ. ಇದನ್ನು ಅರಿಯದೆ ಹೋಗಿದ್ದು ನನ್ನ ಮೊದಲ ತಪ್ಪು.

ಮೊದಲ ಚಳಿಗಾಲ, ಅಂದರೆ 2021ರ ಡಿಸೆಂಬರಿನಲ್ಲಿ, ನಾನು ಸ್ಟುಡಿಯೊದಲ್ಲಿ ಬಳಸುವ ಸೂಕ್ಷ್ಮವಾದ, ಒಳ್ಳೆಯ ಕಂಡೆನ್ಸರ್ ಮೈಕನ್ನೇ ತೆಗೆದುಕೊಂಡು ಹೋಗಿದ್ದೆ. ಹೊರಗೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ, ಒಳಗೆ ಬುಖಾರಿ (ಕೋಣೆ ಬೆಚ್ಚಗಿಡುವ ಒಲೆ) ಉರಿಯುತ್ತಿರುವ ಅಡುಗೆಮನೆ; ಚೀಲದೊಳಗೇ ಬೆಚ್ಚಗಾಗಲು ಬಿಡಬೇಕೆಂದು ಗೊತ್ತಿದ್ದೂ, ಎದುರಿಗೆ ಕೂತ ಮೇಮೆ-ಲೆ (ಅಜ್ಜನನ್ನು ಅಲ್ಲಿ ಹಾಗೆ ಕರೆಯುತ್ತಾರೆ) ಮಾತು ಆರಂಭಿಸಿಬಿಟ್ಟಿದ್ದರಿಂದ ಆತುರಪಟ್ಟು ಹೊರತೆಗೆದೆ. ಐದು ನಿಮಿಷದಲ್ಲಿ ಒಳಗೆ ನೀರು ಕಟ್ಟಿತು, ಹೆಡ್‌ಫೋನಿನಲ್ಲಿ ಮಂಡಕ್ಕಿ ಹುರಿದಂತೆ ಸದ್ದು ಬಂತು, ಅಲ್ಲಿಗೆ ಸುಮಾರು 14,000 ರೂಪಾಯಿಯ ಮೈಕು ಮುಗಿಯಿತು. ಚಳಿಗೆ ಕೈಕೊಡುವ ಅಲ್ಕಲೈನ್ ಸೆಲ್‌ಗಳನ್ನು ನಂಬಿದ್ದಕ್ಕೆ ಇನ್ನೊಂದು ಊರಿನಲ್ಲಿ ಎರಡು ಮನೆಯ ಮುದ್ರಣ ಹೋಯಿತು. ಆಮೇಲೆ ಬೆಲೆ ಮೂರು ಪಟ್ಟಾದರೂ ಲಿಥಿಯಂ ಸೆಲ್‌ಗಳನ್ನೇ ಒಯ್ದಿದ್ದೇನೆ, ರೆಕಾರ್ಡರನ್ನು ಗೊಂಚಾದ (ಅಲ್ಲಿನ ಉಣ್ಣೆಯ ನಿಲುವಂಗಿಯ) ಒಳಗೆ ಹೊಟ್ಟೆಗೆ ಒತ್ತಿ ಕಟ್ಟಿಕೊಂಡಿದ್ದೇನೆ, ಮೈಕಿಗೆ ಹಳೆಯ ಡೈನಾಮಿಕ್ ಮಾದರಿಗೇ ಮರಳಿದ್ದೇನೆ. ಮದುವೆಮನೆಯಲ್ಲಿ ಹಾಡಲು ಬಳಸುವ ಅಂಥ ಮೈಕು ತಂದಿದ್ದನ್ನು ನೋಡಿ ನಕ್ಕ ತಂತ್ರಜ್ಞ ಗೆಳೆಯರು, ಮೂರು ಚಳಿಗಾಲದಲ್ಲಿ ಅದು ಒಮ್ಮೆಯೂ ಕೈಕೊಡಲಿಲ್ಲವೆಂಬುದನ್ನು ಗಮನಿಸಬೇಕು.

ಇದಕ್ಕಿಂತ ದೊಡ್ಡ ಸೋಲು ಕಿವಿಗೆ ಸಂಬಂಧಿಸಿದ್ದು. ಲೇಹ್‌ನ ಪಶ್ಚಿಮಕ್ಕಿರುವ ಶಾಮ್ ಕಡೆಯ ಲಡಾಖಿಯಲ್ಲಿ ಪದದ ಮೊದಲಿಗೆ ಸಕಾರ ಒತ್ತಕ್ಷರದೊಂದಿಗೆ ಬರುವುದು ಸಾಮಾನ್ಯ; ಕುದುರೆಗೆ ಅವರು "ಸ್ಟಾ" ಎನ್ನುತ್ತಾರೆ. ನಮ್ಮ ಮಧ್ಯಮ ತರಂಗದಲ್ಲಿ ನಾಲ್ಕೂವರೆ ಕಿಲೋಹರ್ಟ್ಸ್ ಆಚೆಗಿನ ಎತ್ತರದ ಧ್ವನಿ ಉಳಿಯುವುದಿಲ್ಲವೆಂಬುದು ರೇಡಿಯೊದವರಿಗೆಲ್ಲ ಗೊತ್ತಿರುವ ವಿಷಯವೇ, ಆದರೆ ಸಕಾರದ ಜೀವ ಇರುವುದೇ ಅಲ್ಲಿ ಎಂಬುದು ನನಗೆ ಹೊಳೆದಿರಲಿಲ್ಲ. ಸ್ಟುಡಿಯೊದ ಸ್ಪೀಕರಿನಲ್ಲಿ ಸ್ಫಟಿಕದಂತಿದ್ದ ಧ್ವನಿ ಹಳ್ಳಿಯ ಟ್ರಾನ್ಸಿಸ್ಟರಿನಲ್ಲಿ ಸಕಾರ ನುಂಗಿಕೊಂಡು ಬಂದಿತು. ಶಾಮಿನ ಹುಡುಗನೊಬ್ಬ ಪೂರ್ವದ ಕಡೆಯವರಂತೆ ಮಾತನಾಡುತ್ತಿದ್ದಾನೆ, ದಕ್ಷಿಣಕ್ಕೆ ಹೋಗಿ ಭಾಷೆ ಕೆಡಿಸಿಕೊಂಡಿದ್ದಾನೆ ಎಂದು ಅವನ ಅತ್ತೆ ಬೇಸರಪಟ್ಟರಂತೆ. ಅಂದಿನಿಂದ ನಾನು ಎಡಿಟಿಂಗ್ ಮುಗಿಸುವುದು 600 ರೂಪಾಯಿಯ ಟ್ರಾನ್ಸಿಸ್ಟರಿನ ಸ್ಪೀಕರಿನಲ್ಲಿ, ಅದೂ ಪಕ್ಕದ ಕೋಣೆಯಲ್ಲಿ ಕೂತು. ಮೂರರಿಂದ ನಾಲ್ಕು ಕಿಲೋಹರ್ಟ್ಸ್ ನಡುವೆ ಒಂದು ಜಾಗದಲ್ಲಿ ಸ್ವಲ್ಪ ಎತ್ತಿ, ಅದರ ಕೆಳಗೆ ಇನ್ನೊಂದು ಜಾಗದಲ್ಲಿ ತಗ್ಗಿಸಿದರೆ ಕಳೆದುಹೋದ ಸಕಾರ ಇದೆಯೆಂಬ ಭ್ರಮೆಯನ್ನಾದರೂ ಹುಟ್ಟಿಸಬಹುದು. ಎಲ್ಲಿ, ಎಷ್ಟು ಎಂಬುದು ನನ್ನ ಬಳಿಯೇ ಇರಲಿ. ಹುಡುಕಲು ನನಗೆ ಒಂದೂವರೆ ವರ್ಷ ಹಿಡಿದಿದೆ.

ಹಣದ ಮಾತನ್ನೂ ಹೇಳಿಬಿಡುತ್ತೇನೆ. ಮೊದಲ ಚಳಿಗಾಲಕ್ಕೆ ಕೈಯಿಂದ ಹೋದದ್ದು 2 ಲಕ್ಷದ ಮೇಲೆ ಸ್ವಲ್ಪ. ಅದರಲ್ಲಿ ವಿಮಾನ, ಟ್ಯಾಕ್ಸಿಗಳೇ ಅರ್ಧಕ್ಕಿಂತ ಹೆಚ್ಚು. ಲೇಹ್‌ನಿಂದ ಸುಮಾರು 250 ಕಿ.ಮೀ. ದೂರದ ಹಾನ್ಲೆಗೆ ಒಮ್ಮೆ ಹೋಗಿ ಬಂದರೆ 14,000 ರೂಪಾಯಿ ಕೊಟ್ಟ ನೆನಪು. ಪ್ರಾಯೋಜಿಸುವುದಾಗಿ ಒಪ್ಪಿದ್ದ ಸಂಸ್ಥೆಯೊಂದು ಮೊದಲ ಕಂತು 40,000 ಕೊಟ್ಟು, ಕೇಳುಗರ ಸಂಖ್ಯೆಯನ್ನು ಪತ್ರದಲ್ಲಿ ತೋರಿಸಿದರೆ ಮಾತ್ರ ಉಳಿದದ್ದು ಎಂದಿತು. ಹಿಮದಲ್ಲಿ ಹೂತ ಊರಿನ ಕೇಳುಗರನ್ನು ಎಣಿಸುವ ಬಗೆಯನ್ನು ಅವರೂ ಹೇಳಲಿಲ್ಲ, ನನಗೂ ತಿಳಿಯಲಿಲ್ಲ. ಆ ವರ್ಷ 12 ಕಂತುಗಳಿಗೆ ಬಂದ ಫೋನು ಕರೆ ಆರೋ ಏಳೋ. ಎರಡನೆಯ ವರ್ಷಕ್ಕೆ ತಂಗಿಯಿಂದ ಸಾಲ ಪಡೆದೆ.

ಎರಡನೆಯ ಚಳಿಗಾಲದಲ್ಲಿ ಯಂತ್ರಗಳು ಸರಿಹೋದವು, ಕಾರ್ಯಕ್ರಮ ಸರಿಹೋಗಲಿಲ್ಲ. ಅರ್ಧ ಗಂಟೆಯಲ್ಲಿ ನಾಲ್ಕೇ ಹುಡುಗರು, ಪ್ರತಿಯೊಬ್ಬರಿಗೆ ಐದಾರು ನಿಮಿಷ, ನಡುವೆ ನಿರೂಪಣೆ, ಅದಕ್ಕೆ ಹಿನ್ನೆಲೆಯಲ್ಲಿ ದಮ್‌ನ್ಯನ್ ತಂತಿವಾದ್ಯ, ಝಂಸ್ಕಾರ ಕಣಿವೆಯವರ ಮಾತು ಎಲ್ಲರಿಗೂ ತಿಳಿಯಲೆಂದು ಲೇಹ್‌ನ ಲಡಾಖಿಯಲ್ಲಿ ಸಾರಾಂಶ. ನಮ್ಮ ಆಕಾಶವಾಣಿಯ ಸಂಸ್ಕಾರವನ್ನೆಲ್ಲ ಅದರ ಮೇಲೆ ಸುರಿದಿದ್ದೆ. ನನ್ನೊಡನೆ ಕೆಲಸ ಮಾಡುತ್ತಿದ್ದ, ನಾನು ಅಚೆ-ಲೆ (ಅಕ್ಕ) ಎಂದು ಕರೆಯುವ ಶಿಕ್ಷಕಿಯೊಬ್ಬರು ಕೊನೆಗೆ ಬಾಯಿಬಿಟ್ಟು, ಸಾರಾಂಶ ಬರುತ್ತಿದ್ದಂತೆ ಝಂಸ್ಕಾರದವರು ರೇಡಿಯೊವನ್ನು ಸಣ್ಣದು ಮಾಡುತ್ತಾರೆ, ತಮ್ಮ ಮಾತಿಗೆ ತಿದ್ದುಪಡಿ ಬಂದಂತೆ ಅವರಿಗೆ ಕಾಣುತ್ತದೆ ಎಂದರು. ಕೆನಡಾದ ಉತ್ತರದ ಮೂಲನಿವಾಸಿಗಳಾದ ಇನ್ಯುಇಟ್ ಜನರ ಇಗ್ಲೂಲಿಕ್ ಎಂಬ ಊರು ತಮ್ಮ ಭಾಷೆಯ ಕಾರ್ಯಕ್ರಮವಿಲ್ಲದ ಟಿ.ವಿ. ತಮಗೆ ಬೇಡವೆಂದು 1975ರಲ್ಲಿಯೂ 1979ರಲ್ಲಿಯೂ ಮತ ಹಾಕಿ ತಳ್ಳಿಹಾಕಿದ್ದನ್ನು ಓದಿಕೊಂಡಿದ್ದ ನಾನೇ ಈ ತಪ್ಪು ಮಾಡಿದ್ದೆ.

ಅದೇ ಚಳಿಗಾಲದ ಇನ್ನೊಂದು ತಪ್ಪನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಒಬ್ಬ ಹುಡುಗ ತನ್ನ ಅಬಿ-ಲೆಗೆ, ಅಂದರೆ ಅಜ್ಜಿಗೆ, ಹೇಳಿದ ಮಾತು ಪ್ರಸಾರವಾದಾಗ ಆಕೆ ತೀರಿಕೊಂಡು ನಾಲ್ಕು ದಿನವಾಗಿತ್ತು. ಈಗ ಪ್ರಸಾರದ ಹಿಂದಿನ ದಿನ ಪ್ರತಿ ಊರಿಗೂ ಒಂದು ಕರೆ ಹೋಗದೆ ಯಾವ ಮಾತೂ ಹೊರಬೀಳುವುದಿಲ್ಲ. ಕರೆ ಸಿಗದಿದ್ದರೆ ಆ ಮಾತು ಮುಂದಿನ ವಾರಕ್ಕೆ ಹೋಗುತ್ತದೆ.

ಮೂರನೆಯ ಚಳಿಗಾಲಕ್ಕೆ ಎಲ್ಲವನ್ನೂ ಕಿತ್ತುಹಾಕಿದೆ. ನಿರೂಪಣೆಯಿಲ್ಲ, ವಾದ್ಯವಿಲ್ಲ, ಸಾರಾಂಶವಿಲ್ಲ. ಮೊದಲು ಊರಿನ ಹೆಸರು, ಆಮೇಲೆ ಮನೆಯ ಹೆಸರು (ಲಡಾಖಿನಲ್ಲಿ ಮನೆತನವನ್ನು ಗುರುತಿಸುವುದು ಅದರಿಂದಲೇ), ಆಮೇಲೆ ಹುಡುಗನ ಧ್ವನಿ 40 ಸೆಕೆಂಡು, ಅದಕ್ಕಿಂತ ಒಂದು ಉಸಿರೂ ಹೆಚ್ಚಲ್ಲ. ಕಂತಿಗೆ 14 ಮನೆಗಳು. ಊರಿನ ಹೆಸರನ್ನು ಆ ಊರಿನವರೇ ಹೇಳಬೇಕು. ಕೆಲಸ ಮಾಡಿದ್ದು ಈ ಕಟ್ಟುನಿಟ್ಟೇ. ವಾಟ್ಸಾಪಿನಲ್ಲಿ ಮಗನ ಮಾತು ತಾಯಿಯೊಬ್ಬಳಿಗೆ ಕೇಳಿಸುತ್ತದೆ. ರೇಡಿಯೊದಲ್ಲಿ ಅವನ ಮಾತು ಊರಿಗೆಲ್ಲ ಕೇಳಿಸಿ, ಮರುದಿನ ನೀರು ತರಲು ಹೋದಲ್ಲಿ ನಾಲ್ಕು ಜನ ಆಕೆಯನ್ನು ನಿಲ್ಲಿಸಿ ಮಾತನಾಡಿಸುತ್ತಾರೆ. ಹಿಂದಿನ ರಾತ್ರಿಯಷ್ಟೇ ಮೊಮ್ಮಗನೊಡನೆ ಫೋನಿನಲ್ಲಿ ಹರಟಿದ ಅಜ್ಜಿಯೂ, ಅವನ ಸರದಿ ರೇಡಿಯೊದಲ್ಲಿ ಯಾವಾಗ ಎಂದು ಕೇಳುವುದು ಇದಕ್ಕಾಗಿ. ಆ ವರ್ಷ 22 ಕಂತು, ಮುನ್ನೂರರಷ್ಟು ಮನೆಗಳು, ಮಾರ್ಚಿನಲ್ಲಿ ಇನ್ನೂ 70 ಹೆಸರು ಬಾಕಿ. ಅಂಚೆ ಡಬ್ಬಿ ತುಂಬಿತ್ತು.

ನಡುವೆ ಮಾಡಿದ ಕೆಲವು ಪ್ರಯೋಗಗಳು ಹಾಗೇ ಮುಗಿದವು. ಟಿ.ವಿ.ಗೂ ಆಗಲೆಂದು ಎಂಟು ಹುಡುಗರನ್ನು ಕ್ಯಾಮೆರಾದಲ್ಲಿ ಹಿಡಿದು, ಒಂದು ಅಡುಗೆಮನೆಯಲ್ಲಿ ಪರದೆಯ ಮೇಲೆ ತೋರಿಸಿದೆ. ಮನೆಯವರೆಲ್ಲ ಹುಡುಗ ಸೊರಗಿದ್ದಾನೋ ದಪ್ಪಗಾಗಿದ್ದಾನೋ ಎಂದು ಚರ್ಚಿಸಿದರೇ ಹೊರತು, ಅವನು ಹೇಳಿದ್ದನ್ನು ಒಬ್ಬರೂ ಕೇಳಿಸಿಕೊಳ್ಳಲಿಲ್ಲ. ಅಲೆ ತಲುಪದ ಊರುಗಳಿಗೆ 20 ಮೆಮೊರಿ ಕಾರ್ಡುಗಳನ್ನು ಬಸ್ಸಿನ ಚಾಲಕರ ಕೈಯಲ್ಲಿ ಕಳುಹಿಸಿದ್ದರಲ್ಲಿ ಮೂರು ಹಿಂದಿರುಗಿದವು. ಮೂರರಲ್ಲಿಯೂ ನನ್ನ ಕಂತು ಅಳಿಸಿ ಹಿಂದಿ ಚಿತ್ರಗೀತೆ ತುಂಬಿದ್ದರು. ಹಾನ್ಲೆಯ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆಂದು ಗೊತ್ತಾದಾಗ, ಧ್ವನಿಯೂ ಹಾಗೆ ಹೋಗಲಾರದೇ ಎಂದು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ನಕ್ಷತ್ರ ನೋಡುವ ದಾರಿಯಲ್ಲಿ ಅಜ್ಜಿಯರ ಮಾತು ಕಳುಹಿಸಲು ಯಾರು ಬಿಡುತ್ತಾರೆಂದು ಗೆಳೆಯನೊಬ್ಬ ಕೇಳಿದ ಮೇಲೆ ಸುಮ್ಮನಾದೆ.

ಮಠದ ಹುಡುಗರು ಮೈಕು ಕಂಡೊಡನೆ ಪಾಠ ಒಪ್ಪಿಸುವವರಂತೆ ಮಾತನಾಡುತ್ತಾರೆ. ಅದನ್ನು ಬಿಡಿಸಲು ನಾನು ಮೊದಲಿಗೆ ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರವನ್ನು ಪ್ರಸಾರ ಮಾಡುವುದಿಲ್ಲ. ಪ್ರಶ್ನೆ ಏನೆಂದು ಬರೆದರೆ ಅದರ ಶಕ್ತಿ ಹೋಗುತ್ತದೆ. ಅದು ಊಟಕ್ಕೆ ಸಂಬಂಧಿಸಿದ್ದು, ಇಷ್ಟು ಸಾಕು.

ಶಬ್ದದ ವಿಷಯದಲ್ಲಿ ಮಾತ್ರ ನನ್ನ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಜುಲೈನಲ್ಲಿ ಮುಂಡಗೋಡದಲ್ಲಿ ಮುದ್ರಿಸಿದ ಒಂದು ಮಾತಿನ ಹಿಂದೆ ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು. ಹಾಳಾದ ಮುದ್ರಣವೆಂದು ಬದಿಗಿಟ್ಟಿದ್ದವನು, ಬೇರೆ ಏನೂ ಇರಲಿಲ್ಲವೆಂದು ಕೊನೆಗೆ ಅದನ್ನೇ ಸೇರಿಸಿದೆ. ವರ್ಷಕ್ಕೆ ನೂರು ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನಾಡಿನಲ್ಲಿ ಆ ಕಂತಿಗೆ ಬಂದಷ್ಟು ಕರೆ ಯಾವುದಕ್ಕೂ ಬರಲಿಲ್ಲ. ಅದೇನು ಸದ್ದು, ಹುಡುಗನ ಮನೆಯ ಪಕ್ಕದಲ್ಲಿ ಹೊಳೆಯಿದೆಯೇ, ಅವನು ಒದ್ದೆಯಾಗಲಿಲ್ಲವೇ ಎಂದು ಕೇಳುವವರೇ ಎಲ್ಲ. ಲಡಾಖಿನ ಪೂರ್ವದ ಎತ್ತರದ ಬಯಲಾದ ಚಾಂಗ್‌ಥಂಗಿನ ಅಬಿ-ಲೆಯೊಬ್ಬರು, ಮೊಮ್ಮಗ ಮಾತನಾಡದಿದ್ದರೂ ಚಿಂತೆಯಿಲ್ಲ, ಆ ಸದ್ದನ್ನು ಇನ್ನೊಮ್ಮೆ ಹಾಕಿಸಿ ಎಂದು ಹೇಳಿ ಕಳುಹಿಸಿದ್ದಾರೆ. ಬರುವ ಮಳೆಗಾಲಕ್ಕೆ ಮಠದ ಮಾಡಿನ ಕೆಳಗೆ ಎರಡು ಮೈಕು ಕಟ್ಟಬೇಕೆಂದಿದ್ದೇನೆ. ಸದ್ಯಕ್ಕೆ ಒಂದಕ್ಕೆ ಹಣ ಹೊಂದಿದೆ.