ಬಗ್ಗಿದ ಮೆಣಸಿನ ಸಸಿಗೆ ನೀರು ಹಾಕಿ ಕೆಟ್ಟೆ

ನಮ್ಮದು ಬಳ್ಳಾರಿ ಜಿಲ್ಲೆ, ಕುರುಗೋಡು ಕಡೆ. ಕಪ್ಪು ಎರೆ ಮಣ್ಣಿನ ಹೊಲ, ಮೆಣಸಿನಕಾಯಿ ಬೆಳೆ. ಮೂರು ವರ್ಷದ ಹಿಂದೆ, ನರ್ಸರಿಗೆ ಯಾಕೆ ದುಡ್ಡು ಸುರಿಯಬೇಕು ಅಂತ ಮನೆ ಹಿಂದೆ ನಾನೇ ಸಸಿ ಮಡಿ ಮಾಡಿದೆ. ಜೂನ್ ಕೊನೆಗೆ ಬೀಜ ಚೆಲ್ಲಿ, ಮೇಲೆ ಭತ್ತದ ಹುಲ್ಲು ಹೊದಿಸಿದೆ. ಒಂಬತ್ತನೇ ದಿನ ಮೊಳಕೆ ಬಂತು. ಅವತ್ತೇ ಹುಲ್ಲು ತೆಗೆಯಬೇಕಿತ್ತು. ಊರಿಗೆ ಹೋಗಿ ಎರಡು ದಿನ ತಡ ಮಾಡಿದೆ. ತೆಗೆದಾಗ ಸಸಿಗಳು ಬಿಳಿಚಿಕೊಂಡು, ದಾರದ ಹಾಗೆ ಉದ್ದ ಎದ್ದಿದ್ದವು.

ನಾಲ್ಕು ದಿನ ಕಳೆದು ಒಂದು ಮೂಲೆಯಲ್ಲಿ ತಟ್ಟೆಯಗಲ ಸಸಿ ಮಲಗಿದ್ದವು. ಬಿಸಿಲಿಗೆ ಬಾಡಿವೆ ಅಂದುಕೊಂಡು ಸಂಜೆ ಎರಡು ಕೊಡ ನೀರು ಹಾಕಿದೆ. ಬೆಳಗ್ಗೆ ಅದು ಮೊರದಗಲ ಆಗಿತ್ತು. ಮತ್ತೆ ನೀರು ಹಾಕಿದೆ!

ಪಕ್ಕದ ಹೊಲದ ದೊಡ್ಡಪ್ಪ ಬಂದು ನೋಡಿ, "ಏನಪ್ಪಾ, ಭತ್ತದ ಗದ್ದೆ ಮಾಡೀಯೇನು?" ಅಂದರು. ಒಂದು ಸಸಿ ಕಿತ್ತು ಅಂಗೈ ಮೇಲೆ ಇಟ್ಟರು. ಎಲೆ ಇನ್ನೂ ಹಸಿರು. ಮಣ್ಣಿಗೆ ತಾಗುವ ಕಡೆ ಮಾತ್ರ ಕಂದು ಬಣ್ಣ, ಉಗುರಲ್ಲಿ ಚಿವುಟಿದ ಹಾಗೆ ಸಣ್ಣಗಾಗಿ ಮೆತ್ತಗಿತ್ತು. ಬುಡ ಕೊಳೆ. ಮಣ್ಣಿನಲ್ಲಿರುವ ಶಿಲೀಂಧ್ರ ಅದು. ದಟ್ಟ ಸಸಿ, ನಿಂತ ನೀರು ಇದ್ದರೆ ಅದಕ್ಕೆ ಹಬ್ಬ.

ನೀರು ನಿಲ್ಲಿಸಿದೆ. ಬಿದ್ದ ಸಸಿಗಳನ್ನು ಸುತ್ತಲಿನ ಮಣ್ಣಿನ ಸಮೇತ ಎತ್ತಿ ದೂರ ಹಾಕಿದೆ. ಉಳಿದವುಗಳ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ತಾಮ್ರದ ಔಷಧಿ, ಲೀಟರ್ ನೀರಿಗೆ 3 ಗ್ರಾಂ ಕಲಸಿ ಸುರಿದೆ. ಅರ್ಧಕ್ಕರ್ಧ ಉಳಿದವು. ಬಿದ್ದವು ಏಳಲಿಲ್ಲ, ಏಳುವುದೂ ಇಲ್ಲ. ಕೊರತೆಗೆ ಕೊನೆಗೆ ನರ್ಸರಿಗೇ ಹೋದೆ, ಇನ್ನೇನು ಮಾಡೋದು.

ಮರುವರ್ಷ ಜಾಗ ಬದಲಿಸಿದೆ. ನಮ್ಮ ಎರೆ ಮಣ್ಣು ನೀರು ಬಿಡಲ್ಲ ಅಲ್ವಾ, ಅದಕ್ಕೆ ಮಡಿಯನ್ನು ಅರ್ಧ ಅಡಿ ಎತ್ತರಿಸಿ, ಮರಳು ಬೆರೆಸಿದೆ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಕ್ಕೆ ಟ್ರೈಕೋಡರ್ಮಾ ಕಲಸಿ ಹಾಕಿದೆ. ಕೊಳೆ ತರುವ ಶಿಲೀಂಧ್ರವನ್ನು ತಡೆಯುವ ಒಳ್ಳೆ ಶಿಲೀಂಧ್ರ ಅದು. ಟ್ರೈಕೋಡರ್ಮಾ ಹಾಕಿದ ಕಡೆ ತಾಮ್ರದ ಔಷಧಿ ಸುರಿಯಬೇಡಿ, ಅದೂ ಸತ್ತು ಹೋಗುತ್ತದೆ. ಬೀಜ ಚೆಲ್ಲದೆ, ನಾಲ್ಕು ಬೆರಳಿಗೊಂದು ಸಾಲು ಎಳೆದು ತೆಳುವಾಗಿ ಬಿತ್ತಿದೆ. ನುಸಿ, ಬಿಳಿ ನೊಣ ಬಂದು ಎಲೆ ಮುಟುರಾಗದಿರಲಿ ಅಂತ ಸುತ್ತ ನೈಲಾನ್ ಪರದೆ.

ನೀರು ಬೆಳಗ್ಗೆ ಮಾತ್ರ. ಅದೂ ಮಣ್ಣಿಗೆ ಬೆರಳು ಚುಚ್ಚಿ, ಒಣಗಿದ್ದರೆ ಮಾತ್ರ. ಕಿತ್ತು ನೆಡುವ ಮುಂಚಿನ ವಾರ ಇನ್ನೂ ಕಡಿಮೆ ಮಾಡಿದೆ, ಸಸಿ ಗಟ್ಟಿಯಾಗಲಿ ಅಂತ. ನಲವತ್ತನೇ ದಿನ ಹೊಲಕ್ಕೆ ಹೋದವು. ಆ ವರ್ಷವೂ ಒಂದು ಕಡೆ ಐದಾರು ಸಸಿ ಮಲಗಿದ್ದವು. ಕೊಡ ಮುಟ್ಟಲಿಲ್ಲ, ಸೀದಾ ಸಲಿಕೆ ತಂದೆ.