ಬಲ ಮತ್ತು ಚಲನೆ: ಬೋರ್ಡ್ ಮೇಲೆ ಬರೆಯುವ ಮುಂಚೆ ಗೋಲಿ ಉರುಳಿಸಿ

ಒಂಬತ್ತನೇ ತರಗತಿಗೆ ಈ ಪಾಠ ಶುರು ಮಾಡುವ ದಿನ ವ್ಯಾಖ್ಯೆ ಬರೆಸಬೇಡಿ. ಮೊದಲು ಕೇಳಿ: ಉರುಳುವ ಗೋಲಿ ಯಾಕೆ ನಿಲ್ಲುತ್ತದೆ? ನಮ್ಮ ಕೊಪ್ಪಳದ ಕಡೆ ಹುಡುಗರು "ಅದರ ಜೋರು ಮುಗೀತ್ರಿ ಸರ್" ಅಂತಾರೆ. ತಪ್ಪು ಅಂತ ತಕ್ಷಣ ಹೇಳಬೇಡಿ. ಅರಿಸ್ಟಾಟಲ್ ಕಾಲದಿಂದ ಎಷ್ಟೋ ಶತಮಾನ ದೊಡ್ಡ ದೊಡ್ಡವರೂ ಹಾಗೇ ನಂಬಿದ್ದರು, ತಳ್ಳುತ್ತಿದ್ದರೆ ಮಾತ್ರ ವಸ್ತು ಚಲಿಸುತ್ತದೆ ಅಂತ. ಆ ನಂಬಿಕೆ ಒಳಗೇ ಉಳಿದರೆ ಮುಂದಿನದೆಲ್ಲ ಬರೀ ಬಾಯಿಪಾಠ.

ಬೇಕಾಗುವುದು ಒಂದು ಗೋಲಿ, ಪರೀಕ್ಷೆಯ ಪ್ಯಾಡ್, ಎರಡು ಪುಸ್ತಕ, ಟೇಪು, ಒಂದು ಖಾಲಿ ಗೋಣಿಚೀಲ. ಪುಸ್ತಕದ ಮೇಲೆ ಪ್ಯಾಡ್ ಓರೆಯಾಗಿ ಇಡಿ. ಗೋಲಿಯನ್ನು ಮೇಲಿನ ತುದಿಯಿಂದ ಸುಮ್ನೆ ಬಿಡಬೇಕು. ಕೈಯಿಂದ ತಳ್ಳಿದರೆ ಪ್ರತಿ ಸಲ ವೇಗ ಬೇರೆಯಾಗಿ ಹೋಲಿಕೆಯೇ ಕೆಡುತ್ತದೆ. ಮೊದಲು ಗೋಣಿಚೀಲದ ಮೇಲೆ, ಆಮೇಲೆ ಸಿಮೆಂಟ್ ನೆಲದ ಮೇಲೆ, ಕೊನೆಗೆ ನುಣುಪಾದ ಕಡಪಾ ಕಲ್ಲಿನ ಮೇಲೆ. ಬಿಡುವ ಮುಂಚೆ ಎಲ್ಲಿ ನಿಲ್ಲಬಹುದು ಅಂತ ಮಕ್ಕಳೇ ಸೀಮೆಸುಣ್ಣದಲ್ಲಿ ಗೆರೆ ಹಾಕಲಿ, ಈ ಊಹೆಯಲ್ಲೇ ಅರ್ಧ ಪಾಠ ಇದೆ.

ನಮ್ಮ ಕ್ಲಾಸಿನಲ್ಲಿ ಗೋಣಿಯ ನಾರಿಗೆ ಸಿಕ್ಕಿ ಗೋಲಿ ಒಂದು ಗೇಣು ದಾಟಲಿಲ್ಲ. ಕಲ್ಲಿನ ಮೇಲೆ ಎಲ್ಲರ ಗೆರೆ ದಾಟಿ, ಬೆಂಚಿನ ಕೆಳಗೆ ನುಗ್ಗಿ, ಟಣ್ ಅಂತ ಗೋಡೆಗೆ ಬಡಿಯಿತು. ಆ ಕ್ಷಣ ಬಿಡಬೇಡಿ, ಅಲ್ಲೇ ಕೇಳಿ: ಗೋಡೆ ಇಲ್ಲದೆ, ನೆಲ ಇನ್ನೂ ನುಣುಪಾಗಿದ್ದರೆ? ಪೂರ್ತಿ ನುಣುಪಾಗಿದ್ದರೆ? ಗೆಲಿಲಿಯೋ ಯೋಚಿಸಿದ್ದೂ ಹೀಗೇ. ನಿಲ್ಲಿಸುವುದು ಘರ್ಷಣೆ, ಅಂದರೆ ನೆಲ ಒಡ್ಡುವ ತಡೆ, ಜೋರು ಮುಗಿಯುವುದಲ್ಲ. ಈಗ 1687ರಲ್ಲಿ ನ್ಯೂಟನ್ ಪ್ರಕಟಿಸಿದ ಮೊದಲ ನಿಯಮ ಬರೆಯಿರಿ: ಹೊರಗಿನ ಬಲ ಇಲ್ಲದಿದ್ದರೆ ನಿಂತದ್ದು ನಿಂತೇ ಇರುತ್ತದೆ, ಚಲಿಸುವುದು ಅದೇ ವೇಗದಲ್ಲಿ ನೇರವಾಗಿ ಚಲಿಸುತ್ತಲೇ ಇರುತ್ತದೆ.

ಎರಡನೇ ನಿಯಮಕ್ಕೆ, ಅಂದರೆ ಬಲ ಹೆಚ್ಚಿದರೆ ವೇಗ ಬೇಗ ಬದಲಾಗುತ್ತದೆ, ವಸ್ತು ಭಾರವಾದರೆ ನಿಧಾನ ಅನ್ನುವುದಕ್ಕೆ, ಸೈಕಲ್ ಸಾಕು. ಒಬ್ಬನೇ ತುಳಿಯುವಾಗ ಬೇಗ ವೇಗ ಏರುತ್ತದೆ, ಕ್ಯಾರಿಯರ್ ಮೇಲೆ ಗೆಳೆಯ ಕೂತರೆ ಅದೇ ಬಲಕ್ಕೆ ನಿಧಾನ. ಬಲ ಅಳೆಯುವ ಮಾನಕ್ಕೂ ನ್ಯೂಟನ್ ಅಂತಲೇ ಹೆಸರು; ಒಂದು ನ್ಯೂಟನ್ ಎಷ್ಟು ಅಂತ ಗೊತ್ತಾಗಲು 100 ಗ್ರಾಂ ಸೋಪನ್ನು ಅಂಗೈ ಮೇಲೆ ಇಡಿ. ಅದರ ತೂಕ ಹೆಚ್ಚುಕಮ್ಮಿ ಅಷ್ಟೇ.

ಮೂರನೇ ನಿಯಮದಲ್ಲೇ ಜಾಸ್ತಿ ಗೊಂದಲ: ಒಂದು ವಸ್ತು ಇನ್ನೊಂದನ್ನು ತಳ್ಳಿದರೆ ಅದೂ ಅಷ್ಟೇ ಬಲದಿಂದ ಎದುರು ದಿಕ್ಕಿಗೆ ತಳ್ಳುತ್ತದೆ. ಆನೆಗೊಂದಿಯ ತುಂಗಭದ್ರೆಯಲ್ಲಿ ಹರಿಗೋಲು ನೋಡಿದ್ದಾರೆ ಅಲ್ವಾ? ಹುಟ್ಟು ನೀರನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಹುಟ್ಟನ್ನು ಅಷ್ಟೇ ಬಲದಿಂದ ಮುಂದಕ್ಕೆ. "ಎರಡೂ ಸಮ ಅಂದ್ರೆ ರದ್ದಾಗಬೇಕಲ್ರಿ?" ಅಂತ ಒಬ್ಬರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಹೊಗಳಿ. ಒಂದು ಬಲ ನೀರಿನ ಮೇಲೆ, ಇನ್ನೊಂದು ಹುಟ್ಟಿನ ಮೇಲೆ. ಬೇರೆ ಬೇರೆ ವಸ್ತುಗಳ ಮೇಲಿನ ಬಲ ಒಂದನ್ನೊಂದು ರದ್ದು ಮಾಡುವುದಿಲ್ಲ. ನೀರಿಗೊಂದು, ಹುಟ್ಟಿಗೊಂದು ಚಿತ್ರ ಬರೆಸಿ, ಒಂದೊಂದರಲ್ಲಿ ಒಂದೇ ಬಾಣ. ಒಂದೇ ಚಿತ್ರದಲ್ಲಿ ಎರಡೂ ಬಾಣ ಹಾಕಿದವರ ಪಕ್ಕ ಕೂತು ಮೆಲ್ಲಗೆ ಕೇಳಿ: ಈ ಬಾಣ ಯಾರ ಮೇಲೆ?